ಇನ್ನು ಯುದ್ಧವಿಲ್ಲವೆಂಬ ಸಾಲು

ಮೂವತ್ತೆರಡು ಪುಟ, ಅದಕ್ಕಿಂತ ಒಂದೂ ಹೆಚ್ಚು ಕೂಡದು ಎಂದು ಕಾರ್ಯದರ್ಶಿಗಳು ಮೊದಲ ದಿನವೇ ಹೇಳಿಬಿಟ್ಟರು. ಯುದ್ಧ ಮುಗಿದು ವರ್ಷ ಕಳೆದಿದ್ದರೂ ಕಾಗದದ ಮೇಲಿನ ಕಟ್ಟುಪಾಡು ಮುಗಿದಿರಲಿಲ್ಲ. ಹಾಸನದ ಅಚ್ಚುಕೂಟಕ್ಕೆ ಪರವಾನಗಿಯ ಮೇಲೆ ಸಿಕ್ಕಿದ್ದ ಕಾಗದದಲ್ಲಿ ಅಷ್ಟೇ ದಪ್ಪದ ಪುಸ್ತಿಕೆ ಆಗುತ್ತಿತ್ತು. ಇನ್ನೊಂದು ಮಹಾಯುದ್ಧ ಆಗದ ಹಾಗೆ ನೋಡಿಕೊಳ್ಳಲು ಲೋಕದ ರಾಷ್ಟ್ರಗಳು ಕೂಡಿ ಒಂದು ಹೊಸ ಸಂಸ್ಥೆ ಕಟ್ಟಿಕೊಂಡಿದ್ದವಲ್ಲ, ಅದರ ವಿಷಯವನ್ನು ಈಗತಾನೆ ಅಕ್ಷರ ಕಲಿತ ರೈತನಿಗೆ ತಿಳಿಯುವಂತೆ ಆ ಮೂವತ್ತೆರಡು ಪುಟಗಳಲ್ಲಿ ನಾನು ಬರೆಯಬೇಕಾಗಿತ್ತು.

ಆಗ ನಾನು ಹೊಳೆನರಸೀಪುರದಲ್ಲಿ ಚರಿತ್ರೆಯ ಪಾಠ ಹೇಳುವ ಮೇಷ್ಟ್ರು. ಹಾಸನದ ಕೆಲವು ಹಿರಿಯರು ಸೇರಿ ಹೊಸದಾಗಿ ಓದು ಕಲಿತವರಿಗೆಂದು ಪುಸ್ತಿಕೆಗಳನ್ನು ತರುವ ಸಣ್ಣ ಸಮಿತಿಯೊಂದನ್ನು ಮಾಡಿಕೊಂಡಿದ್ದರು. ನಿವೃತ್ತ ಅಮಲ್ದಾರರೊಬ್ಬರು ಅದರ ಕಾರ್ಯದರ್ಶಿ. ಅವರು ಶಾಲೆಗೆ ಬರೆದು ನನ್ನನ್ನು ಮೂರು ತಿಂಗಳ ಮಟ್ಟಿಗೆ ಕರೆಸಿಕೊಂಡರು. ಹಿಂದಿನ ಪುಸ್ತಿಕೆಗಳು ಕಾಲರಾ, ಗೊಬ್ಬರದ ಗುಂಡಿ, ಸಹಕಾರ ಸಂಘಗಳ ಮೇಲೆ. ಲೋಕದ ಶಾಂತಿಯ ಮೇಲೆ ಇದೇ ಮೊದಲು.

ಕಾರ್ಯದರ್ಶಿಗಳು ಆ ಸಂಸ್ಥೆಯ ಸನ್ನದಿನ ಇಂಗ್ಲಿಷ್ ಪ್ರತಿಯನ್ನು ನನ್ನ ಕೈಗಿಟ್ಟರು. ನೂರಕ್ಕೂ ಮಿಕ್ಕ ವಿಧಿಗಳು. ಕೆಲವಕ್ಕೆ ಅವರೇ ಪಕ್ಕದಲ್ಲಿ ನೀಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದರು.

"ಗೆರೆ ಎಳೆದದ್ದನ್ನ ಬಿಟ್ಟುಬಿಡಿ ಮೇಷ್ಟ್ರೇ. ಅವು ಓಟಿನ ಲೆಕ್ಕಾಚಾರ, ಐದು ದೊಡ್ಡ ದೇಶಗಳ ಹಕ್ಕುಬಾಧ್ಯತೆ. ಹಳ್ಳಿಯವರಿಗೆ ಯಾಕೆ? ಸಾರ ಹೇಳಿ ಸಾಕು."

ಇನ್ನೊಂದು ನಿಯಮವೂ ಇತ್ತು. ಅಚ್ಚಿಗೆ ಹೋಗುವ ಮುಂಚೆ ಪುಸ್ತಿಕೆಯನ್ನು ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಒಂದೊಂದು ಕಡೆ ಜನರೆದುರು ಓದಿ ತೋರಿಸಬೇಕು. ಗೊಬ್ಬರದ ಗುಂಡಿಯ ಪುಸ್ತಿಕೆಗೂ ಹಾಗೇ ಮಾಡಿದ್ದರಂತೆ.

ಮೊದಲ ಕರಡು ಮೂರು ವಾರದಲ್ಲಿ ಮುಗಿಯಿತು. ಬರೆದದ್ದು ನನಗೆ ಬಹಳ ಚೆನ್ನಾಗಿದೆ ಅನ್ನಿಸಿತ್ತು. ಕೊನೆಯ ಪುಟದ ಕೊನೆಯ ಸಾಲು, "ಆದುದರಿಂದ ಇನ್ನು ಮುಂದೆ ಲೋಕದಲ್ಲಿ ಯುದ್ಧವಿಲ್ಲ" ಎಂದು. ಅದನ್ನು ಬರೆದ ದಿನ ಎರಡು ಸಲ ಓದಿಕೊಂಡು ಸಂತೋಷಪಟ್ಟಿದ್ದು ನೆನಪಿದೆ.

ಕರಡು ಹಿಡಿದು ಸೈಕಲ್ಲಿನ ಮೇಲೆ ದೊಡ್ಡಗದ್ದವಳ್ಳಿಗೆ ಹೋದೆ. ಸೀಮೆಎಣ್ಣೆಯ ಅಭಾವದ ಕಾಲ, ದೀಪ ಹಚ್ಚುವ ಹೊತ್ತಿಗೆ ಓದು ಮುಗಿಯಬೇಕು. ಹಾಗಾಗಿ ನಾಲ್ಕು ಗಂಟೆಗೇ ಶಾಲೆಯ ಜಗುಲಿಯ ಮೇಲೆ ಜನ ಸೇರಿಸಿದ್ದರು. ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಬಂದಿದ್ದರು. ಕಾರಣ ಮೊದಲ ಪ್ರಶ್ನೆಯಲ್ಲೇ ತಿಳಿಯಿತು.

"ಲೆವಿ ಬತ್ತದ ವಿಷ್ಯ ಅಲ್ವಾ ಸಾ?"

ಸರ್ಕಾರ ಕಡ್ಡಾಯವಾಗಿ ವಸೂಲು ಮಾಡುವ ಭತ್ತದ ಮಾತಲ್ಲ ಎಂದೆ. ಅರ್ಧ ಜನ ಎದ್ದು ಹೋದರು. ಉಳಿದವರು ಮರ್ಯಾದೆಗೆ ಕೂತರು. "ಅಂತರರಾಷ್ಟ್ರೀಯ ಶಾಂತಿ ಭದ್ರತೆಗಳ ಸಂರಕ್ಷಣಾರ್ಥವಾಗಿ" ಎಂದು ನಾನು ಓದುತ್ತ ಹೋದೆ. ಐದನೇ ಪುಟದ ಹೊತ್ತಿಗೆ ಮೂವರು ಕಂಬಕ್ಕೆ ಒರಗಿ ನಿದ್ದೆಹೋಗಿದ್ದರು. ಮುಗಿದ ಮೇಲೆ ವಯಸ್ಸಾದ ಗೌಡರೊಬ್ಬರು ಎದ್ದು ಕೈಮುಗಿದರು.

"ಚೆಂದಾಗೈತೆ ಸಾ. ಪುರಾಣ ಓದ್ದಂಗೈತೆ. ಇದ್ರಾಗೆ ಏನೈತೆ ಅಂತ ಒಸಿ ಕನ್ನಡದಾಗೆ ಯೇಳಿ."

ಅವರು ಹಾಸ್ಯಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಬಾಯಿಂದ ಹೇಳಲು ಹೊರಟಾಗ ನನಗೇ ಗೊತ್ತಾದದ್ದು, ಅದರಲ್ಲಿ ಏನಿದೆಯೆಂದು ನನಗೂ ಸರಿಯಾಗಿ ಗೊತ್ತಿಲ್ಲ ಎಂದು. ಇಂಗ್ಲಿಷಿನ ಪದ ತೆಗೆದು ಸಂಸ್ಕೃತದ ಪದ ಇಟ್ಟಿದ್ದೆ, ಅಷ್ಟೇ.

ವಾಪಸು ಬಂದು ಎಲ್ಲವನ್ನೂ ಒಡೆದು ಬರೆದೆ. ಒಂದು ವಾಕ್ಯಕ್ಕೆ ಒಂದೇ ಕೆಲಸ ಎಂದು ನಿಯಮ ಹಾಕಿಕೊಂಡೆ. ಭದ್ರತೆ ಹೋಗಿ ಕಾವಲು ಬಂತು. ಹನ್ನೊಂದು ದೇಶಗಳು ಕೂತು ಜಗಳ ವಿಚಾರಿಸುವ ಸಭೆಗೆ ಕಾವಲು ಮಂಡಲಿ ಎಂದು ಹೆಸರಿಟ್ಟೆ. ಬರೆದದ್ದನ್ನು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಹಿರಿಯರ ಮುಂದೆ ಓದುತ್ತಿದ್ದೆ. ಹಣೆಗೆ ವಿಭೂತಿ, ಕಿವಿಯಲ್ಲಿ ಪೆನ್ಸಿಲು, ಅರವತ್ತರ ಮನುಷ್ಯ. ಮುಖ ಎತ್ತದೆ ಕೇಸಿನಿಂದ, ಅಂದರೆ ಮೊಳೆಗಳ ಪೆಟ್ಟಿಗೆಯಿಂದ, ಅಕ್ಷರ ಹೆಕ್ಕುತ್ತಲೇ ಕೇಳುವರು. ತಿಳಿಯದ ಮಾತು ಬಂದರೆ ಕೈ ನಿಲ್ಲುತ್ತಿತ್ತು. ಕೈ ನಿಂತ ಕಡೆಯೆಲ್ಲ ನಾನು ಕೆಂಪು ಗುರುತು ಹಾಕಿಕೊಳ್ಳುತ್ತಿದ್ದೆ.

ಒಂದು ದಿನ ಅವರೇ ತಡೆದರು. "ಮೇಷ್ಟ್ರೇ, ನಮ್ಮ ಕೇಸಿನಲ್ಲಿ 'ಶಾ' ಇರೋದೇ ಸ್ವಲ್ಪ. ನೀವು ಪುಟಕ್ಕೆ ಹತ್ತು ಸಲ ಶಾಂತಿ ಅಂತೀರಿ. ಎರಡು ಪುಟ ಜೋಡಿಸೋ ಹೊತ್ತಿಗೆ ಮೊಳೆ ಮುಗೀತದೆ."

"ಏನು ಮಾಡೋದು?"

"ಎಲ್ಲಿ ಬೇಕೋ ಅಲ್ಲಿ ಮಾತ್ರ ಹಾಕಿ. ಮಿಕ್ಕ ಕಡೆ ಏನು ನಡೀಬೇಕು ಅಂತ ಬಿಡಿಸಿ ಹೇಳಿ."

ಹುಡುಕಿ ನೋಡಿದರೆ ಬೇಕೇಬೇಕಾದ ಕಡೆಗಳು ಹೆಚ್ಚಿರಲಿಲ್ಲ. ಶಾಂತಿ ಎಂದಿದ್ದ ಕಡೆಯಲ್ಲೆಲ್ಲ ಒಂದು ದೇಶ ಇನ್ನೊಂದರ ಗಡಿ ದಾಟಬಾರದು, ವ್ಯಾಜ್ಯ ಬಂದರೆ ಮೊದಲು ಮಾತಾಡಬೇಕು, ಕೇಳದಿದ್ದರೆ ಉಳಿದವರು ವ್ಯಾಪಾರ ನಿಲ್ಲಿಸಬೇಕು, ಅದಕ್ಕೂ ಬಗ್ಗದಿದ್ದರೆ ಸೈನ್ಯ ಕೂಡಿಸಬೇಕು ಎಂದು ಬರೆಯಬೇಕಾಯಿತು. ಆ ಹಿರಿಯರಿಂದ ನಾನು ಕಲಿತದ್ದು ಸಣ್ಣದಲ್ಲ.

ಎರಡನೇ ಓದು ಅರಕಲಗೂಡಿನ ಕಡೆ, ನಾಲೆಯ ಬಯಲಿನ ಒಂದು ಊರಿನಲ್ಲಿ. ಈ ಸಲ ಮೇಲಿನ ಊರು, ಕೆಳಗಿನ ಊರು, ನಡುವೆ ಒಂದೇ ನಾಲೆ ಎಂಬ ದೃಷ್ಟಾಂತದಿಂದ ಆರಂಭಿಸಿದೆ. ಯಾರೂ ನಿದ್ದೆ ಮಾಡಲಿಲ್ಲ. ಸರದಿ ತಪ್ಪಿಸಿ ನೀರು ತಿರುಗಿಸಿಕೊಳ್ಳುವುದು, ಅದರಿಂದ ತಲೆ ಒಡೆಯುವುದು ಅವರ ವರ್ಷವರ್ಷದ ಅನುಭವ. ಹೊಸ ಸಂಸ್ಥೆಯೂ ಸರದಿ ನೋಡಿಕೊಳ್ಳುವ ಪಂಚಾಯ್ತಿಯಂತೆ ಎಂದಾಗ ತಲೆಯಾಡಿಸಿದರು. ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಮುಂದೆ ಕೂತಿದ್ದ ನೀರಗಂಟಿ, ಅಂದರೆ ಗದ್ದೆಗದ್ದೆಗೆ ನೀರು ಹಂಚುವವನು, ಬಾಯಿ ತೆರೆದ.

"ಸಾ, ತೂಬಿನ ಕೀಲಿ ಯಾರ ತಾವ ಇರ್ತದೆ?"

"ಕಾವಲು ಮಂಡಲಿ ಹತ್ರ. ಹನ್ನೊಂದು ದೇಶ. ಅದರಲ್ಲಿ ಐದು ಕಾಯಂ, ದೊಡ್ಡ ದೇಶಗಳು."

"ಆ ಐದ್ರಾಗೆ ಒಬ್ಬನೇ ಅಡ್ಡ ನೀರು ತಿರುಗುಸ್ಕಂಡ್ರೆ?"

ಉತ್ತರ ನನಗೆ ಗೊತ್ತಿತ್ತು. ಐವರಲ್ಲಿ ಒಬ್ಬರು ಒಲ್ಲೆ ಎಂದರೂ ದೊಡ್ಡ ತೀರ್ಮಾನ ಯಾವುದೂ ಆಗದು. ಕಾರ್ಯದರ್ಶಿಗಳು ನೀಲಿ ಗೆರೆ ಎಳೆದದ್ದು ಅಲ್ಲಿಗೇ.

"ಅದನ್ನ ಮುಂದೆ ಹೇಳ್ತೀನಿ" ಎಂದು ಪುಟ ತಿರುವಿದೆ.

ಉತ್ತರ ಹೇಳಲು ಮನಸ್ಸಿಲ್ಲದ ಮೇಷ್ಟ್ರುಗಳು ಹೇಳುವ ಮಾತು ಅದು. ನೀರಗಂಟಿ ಪಕ್ಕದವನ ಕಡೆ ನೋಡಿ ಸ್ವಲ್ಪ ನಕ್ಕ, ಅಷ್ಟೇ.

ಮೂರನೆಯ ಓದು ಹರದನಹಳ್ಳಿಯಲ್ಲಿ. ಹೊಳೆನರಸೀಪುರದ ಸುತ್ತಿನವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ನನ್ನ ಶಿಷ್ಯರ ತಂದೆತಾಯಿಗಳೇ. ಆದ್ದರಿಂದ ಅಲ್ಲಿಗೆ ಹೋಗಲು ನನಗೆ ಅಳುಕಿರಲಿಲ್ಲ. ರಾಗಿ ಕುಯ್ಲಿಗೆ ಮುಂಚಿನ ಬಿಡುವು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಎದುರಿನ ಬಾಗಿಲುಗಳಲ್ಲಿ. ಓದು ಸಲೀಸಾಗಿ ಹೋಯಿತು. ಕೊನೆಯ ಸಾಲನ್ನು ನಾನು ಸ್ವಲ್ಪ ದನಿ ಎತ್ತಿಯೇ ಓದಿದೆ. ಜನ ಚದುರಿದರು. ಕಾಗದಗಳನ್ನು ಚೀಲಕ್ಕೆ ಹಾಕುತ್ತಿದ್ದಾಗ ಐವತ್ತರ ಸುಮಾರಿನ ಒಬ್ಬ ತಾಯಿ ಬಂದು ಎದುರು ನಿಂತರು. ತಲೆಯ ಮೇಲೆ ಸೆರಗು.

"ಮೇಷ್ಟ್ರೇ, ನನ್ನ ಗುರ್ತು ಸಿಕ್ತಾ?"

ಸಿಗಲಿಲ್ಲ. ಅವರು ಮಗನ ಹೆಸರು ಹೇಳಿದರು. ಹೆಸರು ಕೇಳಿದೊಡನೆ ಮುಖ ನೆನಪಾಯಿತು. ನಾನು ಕೆಲಸಕ್ಕೆ ಸೇರಿದ ಹೊಸದು, ಮೂವತ್ತರ ದಶಕದ ಮೊದಲ ವರ್ಷಗಳು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗ, ಅಕ್ಷರ ದುಂಡಗೆ. ಎಲ್ಲಿದ್ದಾನೆ ಎಂದು ಕೇಳಬಾರದಿತ್ತು. ಕೇಳಿಬಿಟ್ಟೆ.

"ಬರ್ಮಾದಾಗೆ ತೀರ್ಕಂಡ. ಲಾರಿ ಓಡ್ಸೋ ಕೆಲ್ಸ ಅಂತ ಸೇರ್ಕಂಡ. ಕಾಗ್ದ ಬಂತು, ಅಷ್ಟೇಯಾ."

ನಾನು ಏನೋ ಸಮಾಧಾನದ ಮಾತು ಆಡಲು ಹೋದೆ. ಅವರು ಅದಕ್ಕೆ ಬಂದಿರಲಿಲ್ಲ.

"ನೀವು ಈಗ ಓದಿದ್ರಲ್ಲ, ಇನ್ನು ಯುದ್ಧ ಇಲ್ಲ ಅಂತ, ಅದನ್ನ ಅವ್ನು ಚಿಕ್ಕೋನಾಗಿದ್ದಾಗ್ಲೇ ಮನೇಗ್ ಬಂದು ಓದ್ತಿದ್ದ. ನೀವು ಬೋರ್ಡ್ ಮ್ಯಾಲೆ ಬರೆಸಿದ್ರಂತೆ. ದೇಶದೇಶದೋರೆಲ್ಲ ಒಂದು ಸಂಘ ಮಾಡ್ಕಂಡವ್ರೆ ಕಣವ್ವ, ಇನ್ನು ಯುದ್ಧ ಇಲ್ಲ ಅಂತ. ಸೈನ್ಯಕ್ಕೆ ಸೇರೋವಾಗ ನಾನು ಅತ್ತೆ, ಬ್ಯಾಡ ಕಣಪ್ಪ ಅಂದೆ. ಆಗ್ಲೂ ಅದನ್ನೇ ಯೇಳ್ದ. ಆ ದೊಡ್ಡೋರೆಲ್ಲ ಹೆಚ್ಚು ದಿನ ನಡ್ಯಾಕೆ ಬಿಡಾಕಿಲ್ಲ, ನಮ್ಮ ಮೇಷ್ಟ್ರು ಯೇಳವ್ರೆ, ಸುಮ್ಕೆ ಕಳ್ಸು ಅಂದ. ಕಳಿಸ್ದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದೂರೂ ಇರಲಿಲ್ಲ. ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ಈ ಪುಸ್ತಕದಾಗೂ ಅಂಗೇ ಬರೆದಿದ್ದೀರಲ್ಲ. ಈ ಸತಿ ನಿಜವಾ?"

ನಾನು ತಲೆ ಬಗ್ಗಿಸಿ ಉಳಿದ ಕಾಗದಗಳನ್ನು ಚೀಲಕ್ಕೆ ತುರುಕಿದೆ. ಅವರು ಅದನ್ನು ನೋಡಿ, "ಓಗ್ಬುಟ್ಟು ಬನ್ನಿ ಮೇಷ್ಟ್ರೇ, ಒತ್ತಾಯ್ತದೆ" ಎಂದು ಒಳಗೆ ಹೋದರು.

ಹೊಳೆನರಸೀಪುರಕ್ಕೆ ಸೈಕಲ್ ತಳ್ಳಿಕೊಂಡೇ ಬಂದೆ. ಏರಿ ತುಳಿಯುವ ಮನಸ್ಸು ಬರಲಿಲ್ಲ. ಆ ತಾಯಿ ಹೇಳಿದ ಪಾಠ ನನಗೆ ಚೆನ್ನಾಗಿ ನೆನಪಿತ್ತು. ಮೊದಲ ಮಹಾಯುದ್ಧದ ನಂತರ ಮಾಡಿಕೊಂಡ ರಾಷ್ಟ್ರಗಳ ಹಳೆಯ ಸಂಘದ ಪಾಠ. ಪರೀಕ್ಷೆಯಲ್ಲಿ ಬರುವ ಪ್ರಶ್ನೆ. ಬೋರ್ಡಿನ ಮೇಲೆ ಬರೆದು ಹುಡುಗರಿಂದ ಒಕ್ಕೊರಲಿನಲ್ಲಿ ಹೇಳಿಸಿದ್ದೆ. ನನ್ನನ್ನು ಕಾಡಿದ್ದು ಬೇರೆ ಸಂಗತಿ. ಆ ಪಾಠ ಹೇಳುವ ಹೊತ್ತಿಗೇ ಒಂದು ದೊಡ್ಡ ದೇಶ ನೆರೆಯ ನೆಲವನ್ನು ಆಕ್ರಮಿಸಿ, ಸಂಘ ಆಕ್ಷೇಪಿಸಿದಾಗ ಎದ್ದು ಹೊರಗೆ ನಡೆದಿತ್ತು. ಅದನ್ನು ನಾನು ವಾಚನಾಲಯದ ಪತ್ರಿಕೆಯಲ್ಲಿ ಓದಿದ್ದೆ. ಓದಿಯೂ ತರಗತಿಯಲ್ಲಿ ಹೇಳಲಿಲ್ಲ. ಪುಸ್ತಕದಲ್ಲಿರಲಿಲ್ಲ, ಅದಕ್ಕೆ ಹೇಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯ ರೈಲಿಗೆ ಹಾಸನಕ್ಕೆ ಬಂದು, ನೀಲಿ ಗೆರೆ ಎಳೆದ ವಿಧಿಗಳನ್ನು ಬಿಡಿಸಿ ಕೂತೆ. ಆ ವಾರ ಎರಡು ಪುಟ ಬರೆದೆ. ಇಡೀ ಪುಸ್ತಿಕೆಗಿಂತ ಹೆಚ್ಚು ಕಷ್ಟಪಟ್ಟು ಬರೆದ ಪುಟಗಳು. ಒಂದರಲ್ಲಿ ಹಳೆಯ ಸಂಘ ಯಾಕೆ ಬಿತ್ತು ಎಂಬುದು: ಅದಕ್ಕೆ ಸ್ವಂತ ಸೈನ್ಯವಿರಲಿಲ್ಲ, ಅದನ್ನು ಕಟ್ಟಲು ಮುಂದಾದ ದೊಡ್ಡ ದೇಶವೇ ಒಳಗೆ ಬರಲಿಲ್ಲ, ಬಂದವರಲ್ಲಿ ತಪ್ಪು ಮಾಡಿದವರು ಎದ್ದು ಹೋದರು, ಉಳಿದವರು ನೋಡುತ್ತ ಕೂತರು. ಇನ್ನೊಂದರಲ್ಲಿ ಹೊಸ ಸಂಸ್ಥೆಯಲ್ಲಿ ಐದು ದೇಶಗಳಿಗಿರುವ ಅಡ್ಡಿಯ ಅಧಿಕಾರ. ಅದಕ್ಕೆ ಅವರು ಹೇಳುವ ಕಾರಣವನ್ನೂ ಬರೆದೆ. ದೊಡ್ಡವರಿಗೆ ಆ ಹಕ್ಕು ಕೊಡದಿದ್ದರೆ ಅವರು ಒಳಗೇ ಬರುತ್ತಿರಲಿಲ್ಲ, ಹಿಂದಿನ ಕತೆಯೇ ಆಗುತ್ತಿತ್ತು ಎಂಬುದು ಆ ಕಾರಣ. ಹಾಗೆಯೇ ಅವರಲ್ಲೊಬ್ಬರು ತಪ್ಪು ಮಾಡಿದರೆ ಕಾವಲು ಮಂಡಲಿಯ ಕೈ ಕಟ್ಟಿಹೋಗುತ್ತದೆ ಎಂದೂ ಬರೆದೆ. ಕೊನೆಯ ಪುಟದ ಕೊನೆಯ ಸಾಲನ್ನು ಹೊಡೆದುಹಾಕಿದೆ.

ಕಾರ್ಯದರ್ಶಿಗಳು ಕನ್ನಡಕ ತೆಗೆದಿಟ್ಟು ಆ ಎರಡು ಪುಟಗಳನ್ನು ಪಕ್ಕಕ್ಕೆ ಸರಿಸಿದರು.

"ಇದೇನು ಮೇಷ್ಟ್ರೇ? ಜನ ಆರು ವರ್ಷ ಪಡಬಾರದ್ದು ಪಟ್ಟಿದ್ದಾರೆ. ರಾಗಿ ಇಲ್ಲ, ಬಟ್ಟೆ ಇಲ್ಲ. ಈಗ ಧೈರ್ಯ ಹೇಳಬೇಕೋ ಅನುಮಾನ ಬಿತ್ತಬೇಕೋ?"

"ಇದು ಸನ್ನದಿನಲ್ಲೇ ಇದೆ ಸಾರ್. ನಾನು ಸೇರಿಸಿದ್ದಲ್ಲ."

"ಇರಲಿ. ಎಲ್ಲಾನೂ ಎಲ್ಲರಿಗೂ ಹೇಳಬೇಕು ಅಂತ ಇಲ್ಲ. ಮನೆ ಗೃಹಪ್ರವೇಶದ ದಿನ ತೊಲೆಗೆ ಹುಳ ಹಿಡಿದಿದೆ ಅಂತ ಯಾರಾದರೂ ಹೇಳ್ತಾರಾ?"

"ಒಳಗೆ ಮಲಗೋರು ಅವರೇ ಅಲ್ವಾ ಸಾರ್?"

ಅವರ ಮುಖ ಕೆಂಪಾಯಿತು. ನಲವತ್ತು ವರ್ಷ ಅಮಲ್ದಾರಿಕೆಯ ಅಧಿಕಾರ ನಡೆಸಿದವರು, ಎದುರು ಮಾತು ಕೇಳಿ ಅಭ್ಯಾಸವಿಲ್ಲ. ನಾನು ಹರದನಹಳ್ಳಿಯಲ್ಲಿ ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಕೇಳಿದರು.

"ನಿಮ್ಮ ಮನಸ್ಸಿನ ಭಾರ ಇಳಿಸಿಕೊಳ್ಳೋದಕ್ಕೆ ಸಮಿತಿ ಪುಸ್ತಕ ಅಲ್ಲ ಇದು" ಎಂದರು ಕೊನೆಗೆ. ನಿಷ್ಠುರವಾದ ಮಾತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಆದ್ದರಿಂದಲೇ ನಾಟಿತು.

ಬಿಟ್ಟುಬಿಡಬಹುದಿತ್ತು. ಶಾಲೆಗೆ ಹಿಂದಿರುಗಲು ಒಂದು ತಿಂಗಳು ಉಳಿದಿತ್ತು. ಹಳೆಯ ಕರಡು ಕೊಟ್ಟರೆ ಎಲ್ಲರಿಗೂ ಒಪ್ಪಿಗೆ. ಎದ್ದು ಬಾಗಿಲವರೆಗೆ ಹೋದವನು ಹಿಂದಿರುಗಿ ನಿಂತು ಹೇಳಿದೆ: "ಚನ್ನರಾಯಪಟ್ಟಣದ ಓದು ಬಾಕಿ ಇದೆ ಸಾರ್. ತಾವೂ ಬನ್ನಿ. ಎರಡು ಥರದ್ದನ್ನೂ ಓದ್ತೀನಿ. ತಾವು ಕೇಳಿ. ಆಮೇಲೆ ತಾವು ಬೇಡ ಅಂದರೆ ಈ ಎರಡು ಪುಟ ನಾನೇ ಹರಿದುಹಾಕ್ತೀನಿ. ಆದರೆ ಆಗ ಪುಸ್ತಕದ ಮೇಲೆ ನನ್ನ ಹೆಸರು ಬೇಡ."

ಇಷ್ಟು ಧೈರ್ಯ ಎಲ್ಲಿಂದ ಬಂತೋ ತಿಳಿಯದು. ಅವರು ತೆಗೆದಿಟ್ಟ ಕನ್ನಡಕವನ್ನು ಮತ್ತೆ ಹಾಕಿಕೊಂಡು, "ಬರ್ತೀನಿ" ಎಂದರು.

ಚನ್ನರಾಯಪಟ್ಟಣದಲ್ಲಿ ಅಂದು ಸಂತೆ. ತೆಂಗಿನಕಾಯಿಯ ವ್ಯಾಪಾರ ಮುಗಿದ ಮೇಲೆ ಮಂಡಿಯ ಮುಂದಿನ ಚಪ್ಪರದ ಕೆಳಗೆ ಕೂರಿಸಿದರು. ಸಿಪ್ಪೆಯ ರಾಶಿಯ ನಡುವೆ ರೈತರು, ವ್ಯಾಪಾರಿಗಳು, ಸೈನ್ಯದಿಂದ ಬಿಡುಗಡೆಯಾಗಿ ಬಂದಿದ್ದ ಮೂರು ನಾಲ್ಕು ಜನ. ಅವರಲ್ಲೊಬ್ಬ ಹವಾಲ್ದಾರ. ಎಡಗೈಯ ಎರಡು ಬೆರಳು ಇರಲಿಲ್ಲ. ಕಾರ್ಯದರ್ಶಿಗಳು ಹಿಂದೆ, ಕಂಬದ ಮರೆಯಲ್ಲಿ, ಯಾರಿಗೂ ಗುರುತು ಹೇಳದೆ ಕೂತರು.

ಮೊದಲು ಹಳೆಯ ಕರಡು ಓದಿದೆ. "ಇನ್ನು ಮುಂದೆ ಲೋಕದಲ್ಲಿ ಯುದ್ಧವಿಲ್ಲ" ಎಂದು ನಿಲ್ಲಿಸಿದಾಗ ಒಬ್ಬರು, "ಭಗವಂತ ಅಂಗೇ ಮಾಡ್ಲಿ" ಎಂದರು. ಇಬ್ಬರು ಪಂಚೆ ಕೊಡವಿ ಎದ್ದರು. ಹವಾಲ್ದಾರ ನೆಲ ನೋಡುತ್ತಿದ್ದ.

"ಕೂತ್ಕೊಳ್ಳಿ, ಇನ್ನೂ ಇದೆ" ಎಂದು ಆ ಎರಡು ಪುಟಗಳನ್ನು ತೆಗೆದೆ. ಹಳೆಯ ಸಂಘ ಬಿದ್ದದ್ದನ್ನು ಓದಿದಾಗ ಎದ್ದವರು ಕೂತರು. ಐದು ದೇಶಗಳ ಅಡ್ಡಿಯ ಅಧಿಕಾರ ಮುಗಿಯುವ ಮುಂಚೆಯೇ ಮಾತುಗಳು ಎದ್ದವು.

"ಅಂಗಾದ್ರೆ ಐದು ಜನಕ್ಕೆ ಒಂದು ನ್ಯಾಯ, ಮಿಕ್ಕೋರಿಗೊಂದು ನ್ಯಾಯ!" ಎಂದ ಒಬ್ಬ ರೈತ.

ಕಾಯಿ ವ್ಯಾಪಾರಿಯೊಬ್ಬರು ಮುಂದೆ ಬಾಗಿದರು. "ಅದಿರ್ಲಿ ಸ್ವಾಮಿ, ನಮ್ಮ ದೇಶದ ಎಸರಿನಾಗೆ ರುಜು ಆಕ್ದೋರು ಯಾರು? ನಮ್ಮುನ್ನ ಯಾರಾರ ಕೇಳಿದ್ರಾ?"

"ಯಾರೂ ಕೇಳಲಿಲ್ಲ. ಆಳೋರು ಕಳಿಸಿದೋರು ಹಾಕಿದರು" ಎಂದೆ.

"ಅದನ್ನೂ ಬರೀರಿ ಮತ್ತೆ."

ಗಲಾಟೆಯೇ ಆಯಿತು. ಈ ಸಂಸ್ಥೆಯಿಂದ ಏನೂ ಪ್ರಯೋಜನವಿಲ್ಲ, ಬಿಡಿ ಎಂದು ಒಬ್ಬ ಕೈಬೀಸಿದ. ಕಂಬದ ಕಡೆ ನೋಡಿದೆ. ನಾನು ಹೇಳಿರಲಿಲ್ಲವೇ ಎನ್ನುವಂತೆ ಕಾರ್ಯದರ್ಶಿಗಳು ನನ್ನನ್ನು ನೋಡಿದರು. ನಿಜಕ್ಕೂ ನನಗೆ ಆ ಗಳಿಗೆಯಲ್ಲಿ ಹೆದರಿಕೆಯಾಯಿತು. ಒಳ್ಳೆಯದೊಂದನ್ನು ಜನರ ಮನಸ್ಸಿನಲ್ಲಿ ಕೆಡಿಸಿಬಿಟ್ಟೆನೇನೋ ಎಂದು.

ಆಗ ಹವಾಲ್ದಾರ ಎದ್ದು ನಿಂತ.

"ಪ್ರಯೋಜ್ನ ಇಲ್ಲ ಅನ್ಬ್ಯಾಡಿ ಕಣ್ರಪ್ಪ. ನಾನು ಯುದ್ಧ ನೋಡ್ಕಂಡು ಬಂದಿವ್ನಿ. ಅದು ಬ್ಯಾಡ ಅನ್ನಾಕೆ ಏನಾರ ಒಂದು ಇರ್ಬೇಕು. ರಾತ್ರಿ ಕಾವ್ಲಿಗೆ ಪಾರಾ ನಿಂತೋನು ಇವತ್ತು ಯಾರೂ ಬರಾಕಿಲ್ಲ ಅಂದ್ಕಂಡ ಅನ್ನಿ, ನಿದ್ದೆ ಮಾಡ್ತಾನೆ. ಬಂದ್ರೂ ಬರ್ಬೋದು ಅಂದ್ಕಂಡೋನು ಕಣ್ಣು ಬುಟ್ಕಂಡಿರ್ತಾನೆ. ಮೊದ್ಲು ಓದಿದ್ದು ಮಲಗ್ಸೋ ಪುಸ್ತಕ ಸಾ. ಎರಡ್ನೇದು ಪಾರಾ ನಿಲ್ಸೋದು. ಅದನ್ನ ಆಕಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಯಾರೂ ಎದ್ದೂ ಹೋಗಲಿಲ್ಲ. ವ್ಯಾಪಾರ ನಿಲ್ಲಿಸುವುದು ಎಂದರೆ ಹೇಗೆ, ಸೈನ್ಯ ಯಾರು ಕೊಡುತ್ತಾರೆ, ನಮಗೆ ಸ್ವರಾಜ್ಯ ಬಂದರೆ ನಾವೂ ಅಲ್ಲಿ ಕೂರಬಹುದೇ ಎಂದು ಬಸ್ಸಿನ ಹೊತ್ತಾಗುವವರೆಗೂ ಕೇಳುತ್ತಲೇ ಇದ್ದರು.

ಹಾಸನದ ಬಸ್ಸು ಪೆಟ್ರೋಲಿನ ಅಭಾವಕ್ಕೆ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದದ್ದು. ಏರು ಬಂದ ಕಡೆ ಉಸಿರು ಕಟ್ಟಿ ನಿಲ್ಲುತ್ತಿತ್ತು. ಜನರೆಲ್ಲ ಇಳಿದು ನಡೆಯಬೇಕು. ಅಂಥ ಒಂದು ಏರಿನಲ್ಲಿ ನಾವಿಬ್ಬರೂ ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದಾಗ ಕಾರ್ಯದರ್ಶಿಗಳು ಮೊದಲ ಸಲ ಬಾಯಿ ಬಿಟ್ಟರು.

"ಹರದನಹಳ್ಳಿಯ ಆ ಹುಡುಗ ಸೈನ್ಯಕ್ಕೆ ಸೇರಿದ್ದು ಹೊಳೆನರಸೀಪುರದ ಭರ್ತಿ ಸಭೆಯಲ್ಲಾ?"

"ಇರಬೇಕು ಸಾರ್."

"ಆ ಸಭೆಗೆ ಅಧ್ಯಕ್ಷತೆ ನಂದು. ಬೇಗ ಮುಗಿಯುತ್ತೆ, ಮುಗಿದ ಮೇಲೆ ಲೋಕಕ್ಕೆ ಶಾಶ್ವತವಾಗಿ ನೆಮ್ಮದಿ ಅಂತ ವೇದಿಕೆ ಮೇಲೆ ನಿಂತು ಹೇಳಿದವನು ನಾನು. ಎಷ್ಟು ಜನ ರುಜು ಹಾಕಿದರು ಅಂತ ಆವತ್ತು ಹೆಮ್ಮೆ. ಹೇಳಿದ್ದು ನಿಜ ಆಗಲಿ ಅಂತಾನೇ ಮೇಷ್ಟ್ರೇ, ಈ ಪುಸ್ತಕ ಹಾಗೆ ಮುಗೀಲಿ ಅಂತ ನನಗೆ ಆಸೆ ಇದ್ದದ್ದು."

ನಾವಿಬ್ಬರೂ ಒಂದೇ ಮಾತನ್ನು ಬೇರೆ ಬೇರೆ ಕಡೆ ನಿಂತು ಆ ಹುಡುಗನಿಗೆ ಹೇಳಿದ್ದೆವು.

ಬಸ್ಸು ಏರು ಹತ್ತಿ ನಮಗಾಗಿ ಕಾದಿತ್ತು. ಹತ್ತುವ ಮುಂಚೆ ಅವರು, "ಪುಟ ಮೂವತ್ತೆರಡೇ. ನನ್ನ ಮುನ್ನುಡಿ ಎರಡು ಪುಟ ಇದೆಯಲ್ಲ, ಅದನ್ನ ತೆಗೆದು ಅಲ್ಲಿ ಹಾಕಿ" ಎಂದರು. ಆ ಮುನ್ನುಡಿಯನ್ನು ಅವರು ಬಹಳ ಪ್ರೀತಿಯಿಂದ ಬರೆದಿದ್ದರು. ನನಗೆ ಗೊತ್ತಿತ್ತು.

ಕೊನೆಯ ಸಾಲಿನ ವಿಷಯದಲ್ಲಿ ಮಾತ್ರ ನಮಗೆ ಮತ್ತೆ ವಾದವಾಯಿತು. ಹೊಡೆದುಹಾಕಿದ್ದು ಸರಿ, ಆದರೆ ಪುಸ್ತಕ ಬರಿಗೈಯಲ್ಲಿ ಮುಗಿಯಬಾರದು ಎಂಬುದು ಅವರ ಹಟ. ಅಚ್ಚುಕೂಟದಲ್ಲೇ ನಿಂತು ನಾಲ್ಕೈದು ಥರ ಬರೆದು ನೋಡಿದೆವು. ಮೊಳೆ ಜೋಡಿಸುವ ಹಿರಿಯರು ಕೊನೆಯ ಪುಟವನ್ನು ಕಟ್ಟದೆ, ಸಾಲು ಜೋಡಿಸುವ ಸ್ಟಿಕ್ಕು ಕೈಯಲ್ಲಿ ಹಿಡಿದು ಕಾದಿದ್ದರು. ನಾನು ಬರೆದ ಒಂದನ್ನು ಕಾರ್ಯದರ್ಶಿಗಳು ತಿದ್ದಿದರು, ಅವರು ತಿದ್ದಿದ್ದರಲ್ಲಿ ಒಂದು "ನಿಶ್ಚಯವಾಗಿಯೂ" ಇತ್ತು.

"ಅದು ಬೇಡ ಸ್ವಾಮಿ," ಎಂದರು ಆ ಹಿರಿಯರು, ಕೇಸಿನಿಂದ ಕಣ್ಣೆತ್ತದೆ. "ಸಾಲು ಒಂದಕ್ಷರ ಜಾಸ್ತಿ ಆಗ್ತದೆ."

ಸಾಲಿನಲ್ಲಿ ಜಾಗ ಬೇಕಾದಷ್ಟಿತ್ತು. ಅದನ್ನು ಮೂವರೂ ನೋಡಿದೆವು. ಕಾರ್ಯದರ್ಶಿಗಳು ಆ ಪದದ ಮೇಲೆ ಗೆರೆ ಎಳೆದರು. ಅಚ್ಚಾದದ್ದು ಇಷ್ಟು: "ಈ ಸನ್ನದು ತಾನಾಗಿ ಯುದ್ಧವನ್ನು ತಡೆಯುವುದಿಲ್ಲ. ನಡೆಸುವವರು ತಡೆಯಬೇಕು. ಅವರು ತಡೆಯುತ್ತಿದ್ದಾರೆಯೇ ಎಂದು ಕೇಳುತ್ತಿರುವುದು ನಮ್ಮ ಕೆಲಸ."

ನಾಲ್ಕು ನಾಲ್ಕು ಪುಟವಾಗಿ ಅಚ್ಚು ಹಾಕಿ, ಮೊಳೆ ಬಿಚ್ಚಿ, ಮತ್ತೆ ಜೋಡಿಸಿ, ಕೆಲಸ ಮುಗಿಯಲು ಹತ್ತೊಂಬತ್ತು ದಿನ ಹಿಡಿಯಿತು. ದಾರ ಹಾಕಿ ಹೊಲಿದ ಮೊದಲ ಕಟ್ಟು ಕೈಗೆ ಬಂದಾಗ ನನಗೆ ಅದನ್ನು ಮೊದಲು ಎಲ್ಲಿಗೆ ಕೊಂಡೊಯ್ಯಬೇಕೆಂದು ಗೊತ್ತಿತ್ತು.

ಹರದನಹಳ್ಳಿಗೆ ಹೋದಾಗ ಮಧ್ಯಾಹ್ನ. ಆ ತಾಯಿ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಚಾಪೆ ಹಾಸಿ, ನೀರು ಕೊಟ್ಟರು. ನಾನು ಪುಸ್ತಿಕೆ ತೆಗೆದು, ಹಳೆಯ ಸಂಘದ ಪುಟವನ್ನೂ ಐದು ದೇಶಗಳ ಪುಟವನ್ನೂ ಕೊನೆಯ ಪುಟವನ್ನೂ ಓದಿದೆ. ಸುಲಿಯುವುದನ್ನು ನಿಲ್ಲಿಸಿ ಕೇಳಿದರು.

"ಆ ಸಂಘದ್ದು ಎಲ್ಲಾ ಸುಳ್ಳಾಗ್ತಾ ಐತೆ ಅಂತ ನಿಮ್ಗೆ ಆಗ್ಲೇ ಗೊತ್ತಿತ್ತಾ ಮೇಷ್ಟ್ರೇ?"

"ಗೊತ್ತಿತ್ತು ತಾಯಿ. ಪತ್ರಿಕೇಲಿ ಓದಿದ್ದೆ."

"ಆಗ್ಲೇ ಇದನ್ನ ಓದಿದ್ರೆ ನಾನು ಅವನ್ನ ಕಳಿಸ್ತಿರ್ಲಿಲ್ಲ."

"ಹೌದು ತಾಯಿ" ಎಂದೆ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು.

ಪುಸ್ತಿಕೆಯನ್ನು ಅವರ ಮುಂದೆ ಇಟ್ಟೆ. ಅವರು ಕೈಗೆ ತೆಗೆದುಕೊಂಡರು, ರಟ್ಟನ್ನು ಸೆರಗಿನಿಂದ ಒಮ್ಮೆ ಒರೆಸಿದರು, ನನ್ನ ಕೈಗೇ ಹಿಂದಿರುಗಿಸಿದರು.

"ನನಗ್ಯಾಕಪ್ಪ. ಗಂಡುಮಕ್ಕಳಿರೋ ಮನೇಗ್ ಕೊಡಿ."

ಎದುರು ಮನೆಯತ್ತ ಗದ್ದ ಎತ್ತಿ ತೋರಿಸಿದರು. ಆ ಮನೆಯ ಯಜಮಾನ ಹೊಲದಿಂದ ಬಂದು ಇಬ್ಬರು ಗಂಡುಮಕ್ಕಳೊಡನೆ ಜಗುಲಿಯ ಮೇಲೆ ಕೂತಿದ್ದ. ನಾನು ಬೀದಿ ದಾಟಿ ಹೋಗಿ, ಕೂತು, ಮೊದಲ ಪುಟದಿಂದ ಓದತೊಡಗಿದೆ. ಆ ತಾಯಿ ತಮ್ಮ ಬಾಗಿಲಲ್ಲೇ ಎದ್ದು ನಿಂತು ಕೇಳಿಸಿಕೊಳ್ಳುತ್ತಿದ್ದರು. ಮೂವತ್ತೆರಡು ಪುಟ ಮುಗಿಯುವವರೆಗೂ ಒಳಗೆ ಹೋಗಲಿಲ್ಲ.